ಮಲ್ಲಪ್ಪ ಡಾಕ್ಟರ ಮಿಮಿಕ್ರಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾಯಿ, ಬೆಕ್ಕುಗಳ ತಿಂಡಿ ಮಾರುವ ಸಾಗರನ ಅಂಗಡಿಯಿದೆ. ಅದರ ಒಳಕೋಣೆಯೇ ಡಾ. ಪಿ. ಮಲ್ಲಪ್ಪನವರ ಕ್ಲಿನಿಕ್ಕು. ಆ 'ಪಿ' ಅಂದರೆ ಪುಟ್ಟ. ಹೆತ್ತವರು ಇಟ್ಟದ್ದು ಪುಟ್ಟಮಲ್ಲಪ್ಪ ಅಂತ. ಪುಟ್ಟ ಅನ್ನುವುದು ತಮ್ಮ ಘನತೆಗೆ ಒಗ್ಗದು ಎನಿಸಿ, ಬೋರ್ಡು ಬರೆಸುವಾಗ ಅದನ್ನು ಒಂದೇ ಅಕ್ಷರಕ್ಕೆ ಇಳಿಸಿಬಿಟ್ಟಿದ್ದರು. ಸರ್ಕಾರಿ ಪಶುವೈದ್ಯರಾಗಿ ಇಡೀ ಸರ್ವಿಸ್ಸನ್ನು ಹಸು, ಎಮ್ಮೆ, ಎತ್ತುಗಳ ಹಿಂದೆಯೇ ಕಳೆದು ರಿಟೈರಾದ ಮೇಲೆ, ಮನೆಯಲ್ಲಿ ಹೆಂಡತಿಯ ಕೈಯಲ್ಲಿ ಬೈಸಿಕೊಂಡು ಕೂರುವ ಬದಲು ದಿನಾ ಚಾಮರಾಜನಗರದಿಂದ ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಿದ್ದರು. ಸಾಗರ ಅವರ ತಂಗಿಯ ಮಗ.

ವೈದ್ಯರಾಗಿ ಅವರಲ್ಲಿ ಕೊರತೆ ಇರಲಿಲ್ಲ. ಕೈ ಸೂಕ್ಷ್ಮ, ಕಣ್ಣು ಚುರುಕು, ಕೊಟ್ಟ ಮದ್ದು ನಾಟುತ್ತಿತ್ತು. ಅವರಿಗೆ ತಡೆದುಕೊಳ್ಳಲಾಗದೆ ಇದ್ದದ್ದು ನಾಯಿ ಬೆಕ್ಕಿನ ಜೊತೆ ಬರುವ ಮನುಷ್ಯರನ್ನು, ಅದರಲ್ಲೂ ಅವರ ಪ್ರಶ್ನೆಗಳನ್ನು. ಹಸುವಿನವನು ಬಂದರೆ "ಮೇವು ಬಿಟ್ಟದೆ ಸಾ" ಎಂದು ಹೇಳಿ ಸುಮ್ಮನೆ ನಿಲ್ಲುತ್ತಿದ್ದ. ಈ ನಾಯಿಯವರು ಹಾಗಲ್ಲ. ಮೂಗು ಒಣಗಿದೆ, ಜ್ವರವಾ? ಹುಲ್ಲು ತಿಂತು, ಹೊಟ್ಟೆ ಕೆಟ್ಟಿದೆಯಾ? ಬೆಕ್ಕು ಹಾಲು ಕುಡಿದು ಭೇದಿ ಮಾಡಿಕೊಳ್ತು, ಹಾಲು ಕುಡಿಯದ ಬೆಕ್ಕೂ ಇರುತ್ತಾ?

"ಸರ್, ನಮ್ಮ ಮನೇಲಿ ಮೊಟ್ಟೆನೂ ತರಲ್ಲ," ಎಂದಿದ್ದರು ಚಾಮರಾಜನಗರದಿಂದ ದೊಡ್ಡ ಅಲ್ಸೇಷಿಯನ್ ನಾಯಿ ಹಿಡಿದುಕೊಂಡು ಬಂದಿದ್ದ ನಾಗಲಕ್ಷ್ಮಿ ಮೇಡಂ. "ಟೈಗರ್‌ಗೆ ಮೊಸರನ್ನ, ಸೋಯಾ ಕೊಟ್ರೆ ಸಾಕಲ್ವಾ?"

"ಸಾಕು ತಾಯಿ. ಕತ್ತಿಗೊಂದು ಲಿಂಗ ಕಟ್ಬಿಡಿ, ಎರಡು ಹೊತ್ತು ಪೂಜೆನೂ ಮಾಡ್ಕೊಳುತ್ತೆ."

ಬಂಡೀಪುರದ ರಸ್ತೆಯಲ್ಲಿ ರೆಸಾರ್ಟ್ ನಡೆಸುವ ದಿಲೀಪ ಹಿಮದೇಶದ ಹಸ್ಕಿ ನಾಯಿಯನ್ನು ತಂದು, ಬೇಸಿಗೆಯಲ್ಲಿ ಇದು ಯಾಕೆ ಇಷ್ಟು ಏದುಸಿರು ಬಿಡುತ್ತೆ ಎಂದು ಕೇಳಿದ. "ನಿನ್ನನ್ನ ಕಂಬಳಿಯಲ್ಲಿ ಸುತ್ತಿ ರೋಡಲ್ಲಿ ಕೂರಿಸ್ತೀನಿ, ಆಮೇಲೆ ನೀನೇ ಹೇಳುವೆಯಂತೆ," ಎಂದರು ಡಾಕ್ಟರು. ಹಾಗೆಂದ ಮೇಲೆ ನಾಯಿಯ ಮೈ ಬಿಸಿ ನೋಡಿ, ನೆರಳು, ನೀರು, ವಾಕಿಂಗಿನ ಹೊತ್ತು ಎಲ್ಲವನ್ನೂ ಸರಿಯಾಗಿಯೇ ಹೇಳಿ ಕಳಿಸಿದರು. ಬಂದವರು ಮದ್ದಿನ ಜೊತೆ ಅವಮಾನವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮತ್ತೆ ಬರುತ್ತಿದ್ದರು, ಯಾಕೆಂದರೆ ನಾಯಿಗೆ ವಾಸಿಯಾಗಿರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಮುಂಗೋಪಿ ಮುದುಕ ಎಂದು ಜನ ಬಿಟ್ಟುಬಿಡುತ್ತಿದ್ದರು. ಆದರೆ ಡಾಕ್ಟರಿಗೆ ಇನ್ನೊಂದು ವಿದ್ಯೆಯಿತ್ತು. ಯಾರ ದನಿಯನ್ನು ಒಮ್ಮೆ ಕೇಳಿದರೂ ಹಾಗೇ ತೆಗೆಯುತ್ತಿದ್ದರು. ಸಂಜೆ ಕ್ಲಿನಿಕ್ಕು ಮುಗಿದ ಮೇಲೆ ಅಂಗಡಿಯ ಮುಂದೆ ಟೀ ಕುಡಿಯುತ್ತಾ ಆ ದಿನದ ಪ್ರಶ್ನೆಗಳನ್ನೆಲ್ಲ ಕೇಳಿದವರ ದನಿಯಲ್ಲೇ ಒಪ್ಪಿಸುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಾಗರ ಸುಮ್ಮನೆ ನಗುವವನಲ್ಲ. ಫೋನು ತೆಗೆದು ರೆಕಾರ್ಡು ಮಾಡಿದ, ನೆಟ್ಟಿಗೆ ಹಾಕಿದ. 'ಮಲ್ಲಪ್ಪ ಡಾಕ್ಟ್ರು' ಎಂಬ ಚಾನೆಲ್ಲು ನೋಡನೋಡುತ್ತಿದ್ದಂತೆ ಮೈಸೂರಿನವರೆಗೂ ಹಬ್ಬಿತು. ಅಪರಿಚಿತರು ಫೋನು ಮಾಡಿ "ಸಾರ್, ಆ ಮೊಸರನ್ನದ್ದು ಸೂಪರ್" ಎನ್ನತೊಡಗಿದರು. ನಲವತ್ತು ವರ್ಷ ಸಗಣಿ ತುಳಿದಾಗ ಸಿಗದಿದ್ದ ಕೀರ್ತಿ ಇದು. ಡಾಕ್ಟರು ಕೂದಲಿಗೆ ಬಣ್ಣ ಹಚ್ಚಿಸಿಕೊಂಡರು.

ಮರಿತಾಯಮ್ಮ ಡಾಕ್ಟರ ಬಾಯಿಗೆ ಸಿಕ್ಕಿದ್ದು ಆ ದಿನಗಳಲ್ಲೇ.

ತೆರಕಣಾಂಬಿಯ ಹತ್ತಿರದ ಒಂದು ಹಳ್ಳಿಯವಳು. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಮಾದಣ್ಣ ಅರಿಶಿನದ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಕೆಂಚ ಎಂಬ ನಾಯಿಯಿತ್ತು. ಅದರ ಕಿವಿಯಲ್ಲಿ ಹುಳ ಬಿದ್ದಿತೆಂದು ಮರಿತಾಯಮ್ಮ ಅದನ್ನು ಆಟೋದಲ್ಲಿ ಕರೆತಂದಳು. ಡಾಕ್ಟರು ಹುಳ ತೆಗೆದು, ಔಷಧ ಹಾಕಿ, ಕೈ ತೊಳೆದುಕೊಳ್ಳುತ್ತಿದ್ದಾಗ ಅವಳು ಹೊರಡದೆ ನಿಂತಿದ್ದಳು.

"ಇನ್ನೇನಮ್ಮ?"

"ಒಂದ್ ಮಾತು ಕೇಳ್ಬೇಕಿತ್ತು ಸಾ. ಇದು ಮನಗಿದ್ದಾಗ ಕಾಲ್ನೆಲ್ಲ ಒದರ್ಕತದ. ಒಳಗೊಳಗೇ ಬೊಗುಳ್ತದ. ಆಮೇಲ ಎದ್ದು ನನ್ ಮೊಕ ನೋಡ್ತದ. ನಾಯ್ಗೂ ಕನಸ ಬೀಳ್ತದಾ ಸಾ?"

ಅವಳು ಅದನ್ನು ಕೇಳಲು ಬಹಳ ದಿನ ಕಾದಿದ್ದಳು. ಡಾಕ್ಟರಿಗೆ ಉತ್ತರ ಗೊತ್ತಿತ್ತು. ಆದರೆ ಬಾಗಿಲಲ್ಲಿ ಸಾಗರ ಫೋನು ಹಿಡಿದು ನಿಂತಿದ್ದ.

"ಬೀಳ್ತದೆ ಕಣಮ್ಮ. ರಾತ್ರಿಯೆಲ್ಲ ನಿನ್ನ ಬಿಸಿಯೂಟದ ಸಾಂಬಾರೇ ಕನಸಲ್ಲಿ ಬರುತ್ತೆ, ಅದಕ್ಕೇ ಕಾಲು ಒದರಿಕೊಂಡು ಓಡುತ್ತೆ."

ಸಂಜೆ ಅವಳ ದನಿಯಲ್ಲಿ, ಅವಳ ಹಾಗೇ ಸೆರಗಿನ ತುದಿ ಹಿಡಿದವರಂತೆ ನಿಂತು, "ನಾಯ್ಗೂ ಕನಸ ಬೀಳ್ತದಾ ಸಾ?" ಎಂದು ಮಾಡಿ ತೋರಿಸಿದರು. ಆ ಚಾನೆಲ್ಲಿನಲ್ಲಿ ಅದರಷ್ಟು ಓಡಿದ ವೀಡಿಯೋ ಇನ್ನೊಂದಿಲ್ಲ. ಶಾಲೆಯ ಅಡುಗೆಮನೆಗೂ ಬಂತು. ಮೇಷ್ಟರೊಬ್ಬರು ಅವಳದೇ ಎಂದು ಗೊತ್ತಿಲ್ಲದೆ ಎಲ್ಲರಿಗೂ ತೋರಿಸಿದರು. ಜೊತೆಯ ಅಡುಗೆಯವಳಿಗೆ ದನಿ ಕೇಳಿದ ತಕ್ಷಣ ಗೊತ್ತಾಗಿ, "ಅಯ್ ಮರಿತಾಯಕ್ಕ, ನೀನೇ ಅಲ್ವಾ ಇದು!" ಎಂದಳು. ಮರಿತಾಯಮ್ಮ ಅಕ್ಕಿ ತೊಳೆಯುವುದನ್ನು ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಊರಿನ ಪಡ್ಡೆಗಳು ಅವಳು ಹಾದುಹೋಗುವಾಗ ಬೆನ್ನ ಹಿಂದೆ "ಬೀಳ್ತದಾ ಸಾ?" ಎನ್ನತೊಡಗಿದರು.

ಮಳೆ ಹಿಡಿಯುವ ಮುಂಚೆ ಒಂದು ಬೆಳಗ್ಗೆ ಕೆಂಚ ಹೊಲದ ಕಡೆಯಿಂದ ಕಚ್ಚಿಸಿಕೊಂಡು ಬಂತು. ಕಚ್ಚಿದ್ದು ಯಾವುದೋ ಬೇರೆ ಊರಿನ ನಾಯಿ, ಯಾರೂ ಮೊದಲು ನೋಡಿದ್ದಲ್ಲ. ತೊಡೆಯ ಮೇಲೆ ಹಲ್ಲಿನ ಗುರುತು. ಮರಿತಾಯಮ್ಮ ಸೀರೆ ಬದಲಾಯಿಸಿ, ಕೆಂಚನ ಕತ್ತಿಗೆ ಹಗ್ಗ ಹಾಕಿದಳು.

"ಗುಂಡ್ಲುಪೇಟ್ಗ ಓಗನ ಬಾ, ಆ ಡಾಕ್ಟ್ರ ಕೇಳನ," ಎಂದ ಮಾದಣ್ಣ.

ಅವಳು ಹೊಸಿಲವರೆಗೆ ಬಂದಳು. ಆಮೇಲೆ ಹಗ್ಗ ಬಿಚ್ಚಿದಳು.

"ಏನಂತ ಕೇಳನ? ಇನ್ನೊಂದ್ ಕಿತ ನನ್ನ ಕುಣ್ಸಕಾ? ಬುಡು, ಅರಿಶ್ಣ ಅಚ್ಚುದ್ರ ಮಾಯ್ತದ."

ಮಾಯಿತು. ಎಲ್ಲರೂ ಮರೆತರು.

ಹಲವು ವಾರ ಕಳೆದ ಮೇಲೆ ಕೆಂಚ ಅನ್ನ ಬಿಟ್ಟಿತು. ಬಾಯಿ ಮುಚ್ಚಲಾಗದೆ ಕೆಳದವಡೆ ಜೋತುಬಿತ್ತು. ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ನೀರಿನ ಬೋಗುಣಿಗೆ ಮೂತಿ ಅದ್ದುತ್ತಿತ್ತು, ಕುಡಿಯಲಾಗುತ್ತಿರಲಿಲ್ಲ. ಬೊಗಳಲು ಹೋದರೆ ದನಿ ಬೇರೆ ಯಾವುದೋ ಪ್ರಾಣಿಯದರಂತೆ ಒಡೆದು ಬರುತ್ತಿತ್ತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು, ಗಂಟಲಲ್ಲಿ ಮೂಳೆ ಸಿಕ್ಕಿದೆ. ಮರಿತಾಯಮ್ಮ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಾಯೊಳಗೆ ಕೈ ಹಾಕಿ ತಡಕಿದಳು. ಮೂಳೆ ಸಿಗಲಿಲ್ಲ. ಹಲ್ಲು ತಾಗಿ ಬೆರಳ ಗೆಣ್ಣಿನ ಹತ್ತಿರ ತರಚಿತು. ಮಾದಣ್ಣ ಅಂಗೈಯಲ್ಲಿ ನೀರು ಹಿಡಿದು ಅದರ ನಾಲಿಗೆಗೆ ಬಿಡುತ್ತಿದ್ದ. ಹಿಂಗಾಲು ಎಳೆಯತೊಡಗಿದ ಮೇಲೆ ಕೆಂಚ ಹೆಚ್ಚು ದಿನ ಉಳಿಯಲಿಲ್ಲ. ಹೊಲದ ಬದುವಿನಲ್ಲಿ ಹೂತರು.

ಅದರ ಮುಂದಿನ ವಾರ ಪಕ್ಕದ ಮನೆಯ ಸಣ್ಣತಾಯಮ್ಮ ತನ್ನ ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಡಾಕ್ಟರ ಕ್ಲಿನಿಕ್ಕಿಗೆ ಬಂದಳು. ಬೆಕ್ಕಿಗೆ ಹೊಟ್ಟೆಹುಳ, ಅಷ್ಟೇ. ಡಾಕ್ಟರು ಮಾತ್ರೆ ಕೊಟ್ಟರು. ಅವಳ ವೇಷ, ಬುಟ್ಟಿ, ಮಾತು ನೋಡಿ ಸಾಗರ ಬಾಗಿಲಲ್ಲಿ ಫೋನು ಎತ್ತಿದ್ದ. ಅವಳಿಗೂ ಒಂದು ಪ್ರಶ್ನೆಯಿತ್ತು.

"ಬೆಕ್ಕುಗ ಕೋಳಿ ಮೂಳ ಆಕ್ಬೈದಾ ಸಾ?"

ಡಾಕ್ಟರು ಫೋನಿನ ಕಡೆ ಓರೆಗಣ್ಣು ಹಾಯಿಸಿ ಗಂಟಲು ಸರಿಮಾಡಿಕೊಂಡರು. "ಹಾಕಬಹುದು ತಾಯಿ. ಜೊತೆಗೆ ಎರಡು ಮುದ್ದೆ, ಒಂದು ಎಲೆ ಅಡಿಕೆ..."

"ಇಲ್ಲ ಸಾ, ಭಯ್ವಾಯ್ತದ. ನಮ್ ಪಕ್ಕದ್ ಮನ ನಾಯಿ ಗಂಟ್ಲಲ್ಲಿ ಮೂಳ ಸಿಕ್ಕಾಕ್ಕಂಡು ಓದ್ವಾರ ಸತ್ತೋಯ್ತು. ಮೂರ್ ದಿನ ಬಾಯೇ ಮುಚ್ಲಿಲ್ಲ ಪಾಪ."

"ಎಲೆ ಅಡಿಕೆ ಹಾಕಿದ್ರೆ..." ಎಂದವರು ಅಲ್ಲಿಗೇ ನಿಂತರು. "ಬಾಯಿ ಮುಚ್ಚಲಿಲ್ಲ ಅಂದ್ರೆ?"

"ದವಡ ಜೋತ್ಬುದ್ದಿತ್ತು ಸಾ. ಜೊಲ್ಲು ಸುರ್ದಿದ್ದೇ ಸುರ್ದಿದ್ದು."

"ನೀರು?"

"ಕುಡಿಯಕಾಯ್ತಿರ್ಲಿಲ್ಲ."

"ದನಿ ಬದಲಾಗಿತ್ತಾ? ಹಿಂದಿನ ಕಾಲು?"

"ಊ ಸಾ. ಎಳಿತಿತ್ತು. ನಿಮ್ಗೆಂಗ್ ಗೊತ್ತಾಯ್ತು?"

"ಬಾಯಿಗೆ ಯಾರಾದ್ರೂ ಕೈ ಹಾಕಿದ್ರೇನಮ್ಮ?"

"ಮರಿತಾಯಕ್ಕ ಆಕುದ್ಲಲ್ಲ, ಮೂಳ ತಗಿಯಕ್ಕ. ಮಣಿಕಟ್ಟುಗಂಟ ಆಕುದ್ಲು. ಅದೇ ಸಾ, ಕನಸ ಬೀಳ್ತದಾ ಅಂತ ನೀವು ಮಾಡಿದ್ರಲ್ಲ, ಅವ್ಳೇ."

ಸಾಗರ ಇನ್ನೂ ರೆಕಾರ್ಡು ಮಾಡುತ್ತಲೇ ಇದ್ದ. "ಆಮೇಲೆ ಮಾವ? ಎಲೆ ಅಡಿಕೆ?" ಎಂದ.

"ಮುಚ್ಚೋ ಅದನ್ನ!" ಎಂದು ಡಾಕ್ಟರು ಕೂಗಿದ ರೀತಿಗೆ ಬುಟ್ಟಿಯೊಳಗಿನ ಬೆಕ್ಕು ಗುರುಗುಟ್ಟಿತು. ಕಾರಿನ ಕೀ ಎಲ್ಲಿಟ್ಟೆ ಎಂದು ತಡಕಾಡಿ, ಸಣ್ಣತಾಯಮ್ಮನನ್ನೂ ಬೆಕ್ಕನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತೆರಕಣಾಂಬಿ ರಸ್ತೆ ಹಿಡಿದರು. ಹೊರಗೆ ಬೆಂಚಿನ ಮೇಲೆ ನಾಗಲಕ್ಷ್ಮಿ ಮೇಡಂ ಟೈಗರನ್ನು ಹಿಡಿದುಕೊಂಡು ಕೂತಿದ್ದರು. ಅವರ ಕಡೆ ತಿರುಗಿಯೂ ನೋಡಲಿಲ್ಲ.

ಶಾಲೆಗೆ ರಜೆಯಿತ್ತು. ಮರಿತಾಯಮ್ಮ ಮನೆಯ ಜಗುಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು. ಕಾರಿನಿಂದ ಇಳಿದವರು ಯಾರೆಂದು ಗೊತ್ತಾದರೂ ಏಳಲಿಲ್ಲ. ಮಾದಣ್ಣನೇ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಡಾಕ್ಟರು ಕೂರಲಿಲ್ಲ.

"ಯಾಕ ಸಾ, ಪ್ರಶ್ನ ಎಲ್ಲ ಖಾಲಿಯಾದ್ವಾ? ಮನ್ಗೇ ಉಡಿಕ್ಕಂಡ್ ಬಂದ್ಬುಟ್ರಿ."

"ಕೈ ತೋರಿಸಮ್ಮ. ನಾಯಿ ಹಲ್ಲು ತಾಗಿದ್ದು ಎಲ್ಲಿ?"

"ಯಾಕ ತೋರ್ಸನ?"

"ನಿನ್ನ ನಾಯಿಗೆ ಮೂಳೆ ಸಿಕ್ಕಿರಲಿಲ್ಲ. ರೇಬಿಸ್ ಇರಬೇಕು. ಹುಚ್ಚು."

"ಉಚ್ಚಾಗಿದ್ರ ಕಚ್ತಿತ್ತು. ಅದು ಒಬ್ರ ಮೇಲೂ ಎಗುರ್ಲಿಲ್ಲ. ನನ್ ಮಡ್ಲಲ್ಲಿ ಮನಿಕ್ಕಂಡೇ ಪ್ರಾಣ ಬುಡ್ತು."

"ಎಲ್ಲ ಹುಚ್ಚುನಾಯಿನೂ ಕಚ್ಚಲ್ಲ ಕಣಮ್ಮ. ಕೆಲವಕ್ಕೆ ದವಡೆ ಬಿದ್ದೋಗುತ್ತೆ, ಗಂಟಲು ಕಟ್ಟುತ್ತೆ. ನೋಡೋರಿಗೆ ಮೂಳೆ ಸಿಕ್ಕಿದ ಹಾಗೇ ಕಾಣೋದು. ಖಂಡಿತ ಅದೇ ಅಂತ ಈಗ ಹೇಳಕ್ಕಾಗಲ್ಲ, ಹೂತುಬಿಟ್ಟಿದ್ದೀರಿ. ಆದರೆ ನೋಡೋಣ ಅಂತ ಕಾಯೋ ಕಾಯಿಲೆ ಅಲ್ಲ. ಶುರುವಾದ್ಮೇಲೆ ಮದ್ದಿಲ್ಲ. ಮುಂಚೆ ಆದ್ರೆ ಇದೆ. ಎದ್ದೇಳು, ಆಸ್ಪತ್ರೆಗೆ ಹೋಗೋಣ. ಅದನ್ನ ಮೊದಲು ಬೇರೆ ನಾಯಿ ಏನಾದ್ರೂ ಕಚ್ಚಿತ್ತಾ?"

ಮರಿತಾಯಮ್ಮ ಕೈಯಲ್ಲಿದ್ದ ಅಲಸಂದೆಕಾಯಿಯನ್ನು ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿದಳು.

"ಕಚ್ಚಿತ್ತು. ಅವತ್ತು ನಿಮ್ ತಾವ್ಕೇ ಬರ್ಬೇಕು ಅಂತ ಸೀರ ಉಟ್ಕಂಡು ನಿಂತಿದ್ದೆ. ಏನಾರ ಸೂಜಿ ಆಕ್ಬೇಕಾ ಅಂತ ಕೇಳದಿತ್ತು. ಆಮೇಲ ಬುಟ್ಟೆ."

ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳವರು ಬಂದು ಸುತ್ತ ನಿಂತಿದ್ದರು.

"ಒಂದ್ ಕೆಲ್ಸ ಮಾಡಿ," ಎಂದಳು ಅವಳು. "ಆ ದನಿ ತಗದು ಒಂದ್ಸಲ ಮಾತಾಡಿ. ಇಲ್ಲೇ, ನನ್ ಮುಂದ. ಫೋನಲ್ಲೇ ನೋಡಿದ್ದು. ಎದ್ರುಗ ಯೆಂಗಿರ್ತದ ನೋಡ್ಬೇಕು."

"ಅದಕ್ಕೆಲ್ಲ ಈಗ ಟೈಮಿಲ್ಲಮ್ಮ."

"ನಂಗ ಅದ."

ಅವಳು ಹಟ ಹಿಡಿದವಳಂತೆ ಕಾಣಲಿಲ್ಲ. ಬಸ್ಸಿಗೆ ಕಾಯುವವಳಂತೆ ಕೂತಿದ್ದಳು. ಡಾಕ್ಟರು ಸುತ್ತ ನೋಡಿದರು. ಬಣ್ಣ ಹಚ್ಚಿದ ಕೂದಲಿನ ಬುಡದಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ಕತ್ತು ಕೊಂಚ ವಾಲಿಸಿ, ಕೈಯನ್ನು ಸೆರಗು ಹಿಡಿದಂತೆ ಮಾಡಿ, ಹೇಳಿದರು: "ನಾಯ್ಗೂ ಕನಸ ಬೀಳ್ತದಾ ಸಾ?"

ದನಿ ತಪ್ಪಿರಲಿಲ್ಲ. ಅವಳದೇ ದನಿ, ಅವಳದೇ ಎಳೆತ. ಒಬ್ಬರೂ ನಗಲಿಲ್ಲ. ಬೆನ್ನ ಹಿಂದೆ ದಿನಾ ಅದೇ ಮಾತನ್ನು ಅನ್ನುತ್ತಿದ್ದ ಪಡ್ಡೆಯೊಬ್ಬ ಗುಂಪಿನಿಂದ ಮೆಲ್ಲಗೆ ಜಾರಿಕೊಂಡ.

"ಚೆಂದಾಗಿ ಮಾಡ್ತೀರಿ," ಎಂದಳು ಮರಿತಾಯಮ್ಮ. "ನಾಟ್ಕದೋರಾಗ್ಬೇಕಿತ್ತು. ಆಗ ನಮ್ಮಂತೋರು ನಾಯಿ ಇಡ್ಕಂಡು ನಿಮ್ ಬಾಗುಲ್ಗ ಬತ್ತಿರ್ಲಿಲ್ಲ."

ಆಗಲೂ ಅವಳು ಏಳುತ್ತಿದ್ದಳೋ ಇಲ್ಲವೋ. ಅಷ್ಟರಲ್ಲಿ ಮಾದಣ್ಣ ತನ್ನ ಎರಡೂ ಅಂಗೈಗಳನ್ನು ಡಾಕ್ಟರ ಮುಂದೆ ಬಿಚ್ಚಿದ. ಅರಿಶಿನದ ಕೆಲಸದಲ್ಲಿ ಬಿರುಕುಬಿಟ್ಟ ಕೈಗಳು, ಬಿರುಕಿನೊಳಗೆ ಹಳದಿ. "ನಾನು ಇದ್ರಲ್ಲೇ ನೀರ್ ಕುಡುಸ್ದೆ ಸಾ. ಜೊಲ್ಲೆಲ್ಲ ಮೆತ್ಕಂಡಿತ್ತು. ನಂಗೂ ಬತ್ತದಾ?"

"ಬರಬಹುದಪ್ಪ."

ಮರಿತಾಯಮ್ಮ ಗಂಡನ ಕೈ ನೋಡಿದಳು. ಮೊರವನ್ನು ಪಕ್ಕಕ್ಕಿಟ್ಟು ಎದ್ದಳು.

"ನಂದ್ ಬುಡಿ. ಮೊದ್ಲು ಇವ್ನಿಗ ಸೂಜಿ ಆಕ್ಸಿ."

ನಲ್ಲಿಯ ಕೆಳಗೆ ಇಬ್ಬರ ಕೈಯನ್ನೂ ಡಾಕ್ಟರೇ ಹಿಡಿದು ಸೋಪು ಹಚ್ಚಿ ಬಹಳ ಹೊತ್ತು ತೊಳೆಸಿದರು. ಕಾರು ಹೊರಟು ಊರು ದಾಟಿದ ಮೇಲೆ ಕನ್ನಡಿಯಲ್ಲಿ ಅವಳನ್ನು ನೋಡುತ್ತಾ ಶುರುಮಾಡಿದರು. "ಅಮ್ಮಾ, ಆ ವೀಡಿಯೋ ವಿಚಾರ..."

"ರಸ್ತ ನೋಡ್ಕಂಡು ಓಡ್ಸಿ ಸಾ," ಎಂದಳು ಮರಿತಾಯಮ್ಮ.

ಕಾರು ಚಾಮರಾಜನಗರದ ದೊಡ್ಡಾಸ್ಪತ್ರೆಯ ಮುಂದೆ ನಿಂತಿತು. ಅಲ್ಲಿ ಡ್ಯೂಟಿಯಲ್ಲಿದ್ದವಳು ಶಿವರಂಜಿನಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಗಾಯ ನೋಡಿದಳು, ವಿಷಯ ಕೇಳಿದಳು, ಲಸಿಕೆ ಬರೆದಳು. ಗಾಯದ ಸುತ್ತ ಚುಚ್ಚುವ ರೇಬಿಸ್ ಸೀರಂ ಎಂಬ ಮದ್ದನ್ನೂ ತರಿಸಿದಳು. ಆಮೇಲೆ ಇಸ್ತ್ರಿ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದ ಮಲ್ಲಪ್ಪನವರ ಕಡೆ ತಿರುಗಿದಳು.

"ನೀವು ಓದಿದವರ ಹಾಗೆ ಕಾಣ್ತೀರಿ. ನಾಯಿ ಹಲ್ಲು ತಾಗಿದ್ರೆ ಅವತ್ತೇ ಬರಬೇಕು ಅಂತ ಇವರಿಗೆ ಹೇಳೋಕೆ ಆಗಲಿಲ್ವಾ? ಒಂದು ವಾರ ಏನು ಮಾಡ್ತಿದ್ರಿ?"

ಮಲ್ಲಪ್ಪನವರು ಕಾರಿನ ಕೀಯನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ಇವ್ರೂ ಡಾಕ್ಟ್ರೇ ಕಣವ್ವ," ಎಂದಳು ಮರಿತಾಯಮ್ಮ, ಸೂಜಿ ಚುಚ್ಚಿಸಿಕೊಳ್ಳುತ್ತಾ. "ನಾಯಿ ಡಾಕ್ಟ್ರು. ಭಾರಿ ಫೇಮಸ್ಸು. ನೀವ್ ನೋಡಿಲ್ವಾ?"

ಶಿವರಂಜಿನಿ ಅವರ ಮುಖವನ್ನು ದಿಟ್ಟಿಸಿದಳು. ಗುರುತು ಸಿಕ್ಕಿತೆಂದು ತೋರುತ್ತದೆ. ಹುಬ್ಬು ಮೇಲೆ ಹೋಯಿತು. ಮಾದಣ್ಣನ ಕೈ ನೋಡಲು ಬಾಗಿದಳು. ಜೀವಮಾನದಲ್ಲಿ ಅಷ್ಟು ಚಿಕ್ಕವರಾಗಿ ಮಲ್ಲಪ್ಪನವರು ಎಲ್ಲೂ ನಿಂತಿರಲಿಲ್ಲ.

ಉಳಿದ ಸೂಜಿಗಳಿಗೆ ಗಂಡ ಹೆಂಡತಿ ಬಸ್ಸಿನಲ್ಲೇ ಹೋಗಿ ಬಂದರು. ಕಾರು ಕಳಿಸುತ್ತೇನೆ ಎಂದು ಡಾಕ್ಟರು ಸಣ್ಣತಾಯಮ್ಮನ ಕೈಯಲ್ಲಿ ಹೇಳಿಸಿದರೆ, ಬೇಡ ಎಂದು ಅವಳ ಕೈಯಲ್ಲೇ ಉತ್ತರ ಬಂತು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಏನೂ ಆಗುವುದಿಲ್ಲ ಎಂದು ಗೊತ್ತಾಗುವವರೆಗಿನ ತಿಂಗಳುಗಳಲ್ಲಿ ಡಾಕ್ಟರು ಟೀ ಕುಡಿಯಲು ಅಂಗಡಿಯ ಮುಂದೆ ಕೂರಲಿಲ್ಲ. ನೀರು ನುಂಗುವಾಗಲೆಲ್ಲ ಮರಿತಾಯಮ್ಮನ ಗಂಟಲು ನೆನಪಾಗುತ್ತಿತ್ತು. ಅವಳಿಗೂ ನೀರು ಇಳಿಯುತ್ತಿದೆಯೇ ಎಂದು ಸಣ್ಣತಾಯಮ್ಮನಿಗೆ ಫೋನು ಮಾಡಿ ಕೇಳುತ್ತಿದ್ದರು.

ಚಾನೆಲ್ಲು ತೆಗೆದುಹಾಕು ಎಂದಾಗ ಸಾಗರ ಕಣ್ಣೀರು ಹಾಕಿದಷ್ಟು ಅವನ ಅಜ್ಜಿ ಸತ್ತಾಗಲೂ ಹಾಕಿರಲಿಲ್ಲ. "ಮಾವ, ಒಂದೇ ಒಂದು ಹಾಕ್ತೀನಿ. ಎಲೆ ಅಡಿಕೆ ಅಂತಿದ್ದೋರು ಗಕ್ಕಂತ ನಿಂತ್ಬಿಟ್ರಲ್ಲ, ಅದು. ಜಾಗೃತಿ ಆಗುತ್ತೆ." ಡಾಕ್ಟರು ತಡೆಯಲಿಲ್ಲ. ಹಾಕಿದ. ಅದನ್ನು ನೋಡಿದವರು ಬೆರಳೆಣಿಕೆಯ ಜನ. ಕೆಳಗೆ ಒಬ್ಬ ಬರೆದಿದ್ದ: ಇದರಲ್ಲಿ ಕಾಮಿಡಿ ಎಲ್ಲಿದೆ ಗುರು? ಕೊನೆಗೆ ಎಲ್ಲವನ್ನೂ ಅಳಿಸಿದರು. ಅಷ್ಟರಲ್ಲಿ ಕನಸಿನ ವೀಡಿಯೋ ಯಾರ್ಯಾರದೋ ಫೋನಿಗೆ ಹೋಗಿ ಕೂತಿತ್ತು. ಅದನ್ನು ವಾಪಸು ಕರೆಯಲು ಯಾವ ದನಿಯೂ ಸಾಲದು.

ಡಾಕ್ಟರು ಆ ಊರಿನ ನಾಯಿಗಳಿಗೆಲ್ಲ ಲಸಿಕೆ ಹಾಕಿ ಬಂದರು. ಮಾದಣ್ಣ ಒಂದೊಂದನ್ನೇ ಹಿಡಿದುಕೊಟ್ಟ. ಮರಿತಾಯಮ್ಮ ಬಾಗಿಲು ಹಾಕಿಕೊಂಡು ಒಳಗಿದ್ದಳು. ಕ್ಲಿನಿಕ್ಕಿನಲ್ಲಿ ಅವರು ದೇವರಂಥವರೇನೂ ಆಗಲಿಲ್ಲ. ಮುಖ ಗಂಟಿಕ್ಕಿಕೊಂಡೇ ಇರುತ್ತಿತ್ತು. ಟೈಗರ್‌ಗೆ ಮಾಂಸದ ರುಚಿ ತೋರಿಸದೆ ಸಾಕಬಹುದಾ ಎಂದು ನಾಗಲಕ್ಷ್ಮಿ ಮೇಡಂ ಮತ್ತೊಮ್ಮೆ ಕೇಳಿದಾಗ, ಹಲ್ಲು ಕಚ್ಚಿಕೊಂಡು, ಯಾವ ಆಹಾರ ಎಷ್ಟು ಕೊಡಬೇಕು, ಏನು ಬೆರೆಸಬೇಕು ಎಂದು ವಿವರಿಸಿದರು. ಮೇಡಂಗೆ ಅದು ರುಚಿಸಲಿಲ್ಲ. "ಮೊದಲೇ ಚೆನ್ನಾಗಿತ್ತು ಸರ್, ಏನಾದ್ರೂ ತಮಾಷೆ ಮಾಡ್ತಿದ್ರಿ," ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮರಿತಾಯಮ್ಮ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಳು. ಸೆರಗಿನೊಳಗೆ ಕಪ್ಪು ಮರಿಯೊಂದು ಮೂತಿ ತೂರಿಸಿತ್ತು. ಡಾಕ್ಟರು ಕಿಟಕಿಯಿಂದ ನೋಡಿದರು. ಎದ್ದು ಮೇಜಿನ ಮೇಲಿದ್ದ ಸಿರಿಂಜಿನ ಟ್ರೇ ಸರಿಮಾಡಿದರು, ರೋಗಿಗಳ ಬೆಂಚು ಖಾಲಿಯಿದೆಯೇ ಎಂದು ಇಣುಕಿದರು. ಅವಳು ಅಂಗಡಿಯ ಬೋರ್ಡನ್ನು ಒಮ್ಮೆ ಓದಿ, ಹಾಗೇ ಮುಂದೆ ಸಾಗಿ, ಸರ್ಕಾರಿ ಪಶು ಆಸ್ಪತ್ರೆಯ ದಾರಿ ಹಿಡಿದಳು. ಅಲ್ಲಿನ ಸಾಲಿನಲ್ಲಿ ಹಸುಗಳ ನಡುವೆ ನಿಂತು, ಮರಿಗೆ ಲಸಿಕೆ ಹಾಕಿಸಿ, ಮುಂದಿನದು ಯಾವಾಗ, ಇನ್ನೇನು ಕೊಡಬೇಕು, ಏನು ಕೊಡಬಾರದು ಎಂದು ತನಗೆ ತೋಚಿದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಅಲ್ಲಿದ್ದ ಡಾಕ್ಟರಿಗೆ ಬೇಜಾರಾಯಿತೋ ಏನೋ, ಅವಳು ಅದನ್ನು ಗಮನಿಸಲಿಲ್ಲ. ಕೇಳಿ ಮುಗಿಸಿಯೇ ಬಂದಳು.

ತೆರಕಣಾಂಬಿ ಬಸ್ಸಿನಲ್ಲಿ ಕಂಡಕ್ಟರು ಮರಿಯನ್ನು ಕಂಡು ತಡೆದ. "ಏನಮ್ಮಾ ಇದು? ನಾಯಿನೆಲ್ಲ ಹತ್ತಿಸ್ಕೊಂಡು. ಕಚ್ಚುದ್ರೆ ಯಾರಮ್ಮ ಜವಾಬ್ದಾರಿ?"

"ಸೂಜಿ ಆಕ್ಸಿವ್ನಿ ಕಣಪ್ಪ," ಎಂದಳು ಮರಿತಾಯಮ್ಮ, ಕಿಟಕಿ ಪಕ್ಕ ಸರಿದು ಕೂರುತ್ತಾ. "ನಿಂಗ ಆಕ್ಸವ್ರಾ?"